ದುಬಾರಿ ಫೋನಿನ ಕ್ಯಾಮೆರಾ: ವರ್ಷ ದಾಟಿದ ಮೇಲೆ ಅನಿಸಿದ್ದು

ಲೆನ್ಸು ಭರ್ಜರಿ, ಬೆಳಕು ಹಿಡಿಯುವ ಸೆನ್ಸರ್ ಭರ್ಜರಿ, ಆದರೆ ಅವುಗಳ ಮೇಲೆ ಕೂತಿರುವ ಸಾಫ್ಟ್‌ವೇರಿಗೆ ಸುಮ್ಮನಿರಲು ಬರುವುದಿಲ್ಲ. ವರ್ಷಕ್ಕೂ ಜಾಸ್ತಿ ದಿನ ಬಳಸಿದ ಮೇಲೆ ನನ್ನ ತೀರ್ಪು ಇಷ್ಟೇ. ಕಂಪನಿಯ ಹೆಸರು ಬೇಡ. 200 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾ, ಅಗಲ ನೋಟಕ್ಕೆ ಒಂದು ಅಲ್ಟ್ರಾವೈಡ್, ದೂರದ್ದನ್ನು ಐದು ಪಟ್ಟು ಹತ್ತಿರ ತರುವ 5ಎಕ್ಸ್ ಪೆರಿಸ್ಕೋಪ್ ಜೂಮ್ ಇರುವ ಫೋನ್ ಅಂದರೆ ಸಾಕು. ಈ ದರ್ಜೆಯ ಫೋನುಗಳ ಗುಣ, ಅವಗುಣ ಎರಡೂ ಹೆಚ್ಚುಕಡಿಮೆ ಒಂದೇ.

ಮೊದಲು ಆ 200ರ ವಿಷಯ ಮುಗಿಸಿಬಿಡೋಣ. ಸಾಮಾನ್ಯ ಮೋಡ್‌ನಲ್ಲಿ ಫೋಟೋ ಬರುವುದು ಸುಮಾರು 12 ಮೆಗಾಪಿಕ್ಸೆಲ್‌ನಲ್ಲಿ. 16 ಪುಟ್ಟ ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಪಿಕ್ಸೆಲ್ ಮಾಡುತ್ತದೆ, ಹಾಗಾಗಿ ಬೆಳಕು ಜಾಸ್ತಿ ಸಿಗುತ್ತದೆ, ನಾಯ್ಸ್, ಅಂದರೆ ಫೋಟೋದ ಮೇಲಿನ ಚುಕ್ಕೆ ಚುಕ್ಕೆ, ಕಡಿಮೆ. ಪೂರ್ತಿ 200ರಲ್ಲಿ ತೆಗೆದರೆ ಫೈಲು ದೊಡ್ಡದು, ಸೇವ್ ಆಗುವುದು ನಿಧಾನ, ಬಿಸಿಲು ಚೆನ್ನಾಗಿಲ್ಲದಿದ್ದರೆ ಲಾಭವೂ ಇಲ್ಲ. ಹಗಲಲ್ಲಿ ಗುಡ್ಡ, ಕಟ್ಟಡ ತೆಗೆಯುವಾಗ 50ರ ಮೋಡ್ ಹಾಕುತ್ತೇನೆ. ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. 200 ಅನ್ನುವುದು ಡಬ್ಬದ ಮೇಲೆ ಬರೆಯಲು ಚೆಂದ, ಅಷ್ಟೇ.

ಹಗಲಿನ ಫೋಟೋ ಬಗ್ಗೆ ದೂರಲು ಜಾಸ್ತಿ ಏನಿಲ್ಲ, ಮುಖ ಒಂದನ್ನು ಬಿಟ್ಟು. ಚರ್ಮದ ಮೇಲಿನ ಸಣ್ಣ ಕಲೆ, ಗೆರೆ ಎಲ್ಲ ನುಣುಪಾಗಿ, ಹುಬ್ಬಿನ ಕೂದಲು ಮಾತ್ರ ತಂತಿಯಂತೆ ಎದ್ದು ಕಾಣುತ್ತದೆ. ಬ್ಯೂಟಿ ಆಯ್ಕೆ ಆಫ್ ಮಾಡಿದರೂ ಇದೇ ಕಥೆ. ನೀವು ಒಮ್ಮೆ ಬಟನ್ ಒತ್ತಿದರೆ ಫೋನು ಹಲವು ಫ್ರೇಮ್ ಹಿಡಿದು, ಒಂದರ ಮೇಲೊಂದು ಜೋಡಿಸಿ, ನೆರಳನ್ನು ಎತ್ತಿ, ಅಂಚನ್ನು ಚೂಪು ಮಾಡಿಯೇ ಕೊಡುವುದು. ಗ್ಯಾಲರಿಯಲ್ಲಿ ಫೋಟೋ ತೆರೆದ ಕೂಡಲೇ ನೋಡಿ, ಒಂದು ಕ್ಷಣ ಸಹಜವಾಗಿರುವ ಚಿತ್ರ ಕಣ್ಣೆದುರೇ ಟಕ್ಕಂತ ಬದಲಾಗುತ್ತದೆ. ಎಷ್ಟೋ ಸಲ ನನಗೆ ಬೇಕಿದ್ದದ್ದು ಆ ಮೊದಲಿನದೇ! ಮಧ್ಯೆ ಒಂದು ಅಪ್‌ಡೇಟ್ ಬಂದು ಶಟರ್ ಚುರುಕಾಯಿತು, ಸಂತೋಷ. ಜೊತೆಗೆ ಈ ಚೂಪು ಮಾಡುವ ಚಟವೂ ಇನ್ನಷ್ಟು ಏರಿತು. ಈಗ ಮುಖ್ಯ ಅನಿಸಿದ ಫೋಟೋಗಳನ್ನು ಫೋನು ಹೀಗೆ ತಿದ್ದದ ರಾ ಫೈಲ್‌ನಲ್ಲೂ ತೆಗೆದಿಟ್ಟುಕೊಳ್ಳುತ್ತೇನೆ, ಎಡಿಟ್ ಮಾಡುವ ತಾಳ್ಮೆ ಇದ್ದವರಿಗೆ ಅದೊಂದೇ ದಾರಿ.

ರಾತ್ರಿ ಫೋಟೋ ಅಂದರೆ ಈಗ ಎಲ್ಲರಿಗೂ ಗೊತ್ತು. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ನೈಟ್ ಸೈಟ್ ಅನ್ನುವ ಕತ್ತಲಲ್ಲಿ ಫೋಟೋ ತೆಗೆಯುವ ಮೋಡ್ ತಂದಾಗ ಬಾಯಿಬಿಟ್ಟು ನೋಡಿದ್ದೆವು, ಈಗ ಅದು ಎಲ್ಲ ಫೋನಲ್ಲೂ ಇರುವ ಮಾಮೂಲಿ ಸಂಗತಿ. ಇದರಲ್ಲಿ ನನ್ನ ತಕರಾರು ಏನೆಂದರೆ, ರಾತ್ರಿ ಹನ್ನೊಂದರ ಕಪ್ಪು ಆಕಾಶವನ್ನೂ ಇದು ಸಂಜೆ ಆರೂವರೆಯ ನೀಲಿ ಮಾಡಿ ಕೊಡುತ್ತದೆ. ಎಕ್ಸ್‌ಪೋಶರ್ (ಫೋಟೋದ ಬೆಳಕಿನ ಮಟ್ಟ) ಸ್ವಲ್ಪ ಕೆಳಗೆ ಎಳೆದು ತೆಗೆಯಿರಿ, ರಾತ್ರಿ ರಾತ್ರಿಯ ಹಾಗೇ ಬರುತ್ತದೆ.

ಅಲುಗಾಡುವುದನ್ನು ಹಿಡಿಯುವುದರಲ್ಲಿ ಮಾತ್ರ ಇಷ್ಟು ದುಡ್ಡು ಕೊಟ್ಟದ್ದಕ್ಕೆ ಬೇಜಾರಾಗುತ್ತದೆ. ಮನೆಯೊಳಗೆ, ಬಲ್ಬಿನ ಬೆಳಕಲ್ಲಿ, ಓಡುವ ಮಗುವಿನ ಫೋಟೋ ತೆಗೆದು ನೋಡಿ. ಹಿಂದಿನ ಗೋಡೆ, ಕುರ್ಚಿ, ನೆಲದ ಟೈಲ್ಸ್ ಎಲ್ಲ ಸೂಜಿಮೊನೆಯಷ್ಟು ಸ್ಪಷ್ಟ, ಮಗುವಿನ ಕೈ ಮಾತ್ರ ಹೊಗೆ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿಗಿರುವವರ ಓಟವನ್ನಲ್ಲ. ಫೋನು ತಾನಾಗಿ ಆರಿಸುವ ಶಟರ್ ವೇಗ, ಅಂದರೆ ಬೆಳಕು ಒಳಬಿಡುವ ಸಮಯ, ನಿಧಾನದ್ದು. ಎಲ್ಲ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ವೇಗ ತೀರಾ ಏರಿಸಿದರೆ ಕೆಲವು ಎಲ್‌ಇಡಿ ಬಲ್ಬುಗಳ ಕೆಳಗೆ ಫೋಟೋದಲ್ಲಿ ಅಡ್ಡ ಪಟ್ಟಿ ಬೀಳುತ್ತವೆ, ಯಾಕೆಂದರೆ 50 ಹರ್ಟ್ಜ್ ಕರೆಂಟಿನಲ್ಲಿ ಅಂಥ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತದೆ. ಶಟರ್ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ, ಮಗು ಅರ್ಧಂಬರ್ಧ ನಿಲ್ಲುತ್ತದೆ. ಬೇರೆ ಉಪಾಯ ಅಂದರೆ ಮಗುವನ್ನು ಕಿಟಕಿ ಹತ್ತಿರ ಕರೆಯುವುದು. ಅದು ಬರಬೇಕಲ್ಲ?

ಜೂಮ್ ನನ್ನ ಅಚ್ಚುಮೆಚ್ಚು. 5ಎಕ್ಸ್‌ನಲ್ಲಿ ತೆಗೆದ ಮುಖದ ಫೋಟೋ ಹತ್ತಿರದಿಂದ ತೆಗೆದ ಹಾಗೆ ಮೂಗು ಉಬ್ಬಿಸುವುದಿಲ್ಲ. 10ಎಕ್ಸ್ ಕೂಡ ಹಗಲಲ್ಲಿ ಚೆನ್ನಾಗಿದೆ. 30 ದಾಟಿತೋ, ಅಲ್ಲಿಂದ ಮುಂದೆ ಫೋನು ಊಹೆ ಮಾಡಲು ಶುರುಮಾಡುತ್ತದೆ. ದೂರದ ಬೋರ್ಡಿನ ಅಕ್ಷರಗಳು ಫೋಟೋದಲ್ಲಿ ಅಚ್ಚುಕಟ್ಟಾಗಿ, ದಪ್ಪಗೆ, ಅಂಚು ಸಮೇತ ಕಾಣುತ್ತವೆ, ಓದಲು ಹೋದರೆ ಅದು ಯಾವ ಭಾಷೆಯೂ ಅಲ್ಲ. ಮಸುಕಾಗಿ ಕೊಟ್ಟಿದ್ದರೂ ನಾನು ಒಪ್ಪುತ್ತಿದ್ದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕತ್ತಲಲ್ಲಿ 5ಎಕ್ಸ್ ಒತ್ತಿದರೂ ಫೋನು ಎಷ್ಟೋ ಸಲ ಜೂಮ್ ಲೆನ್ಸ್ ಬಳಸುವುದೇ ಇಲ್ಲ, ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುತ್ತದೆ. ಪರೀಕ್ಷಿಸುವುದು ಸುಲಭ: ಜೂಮ್ ಲೆನ್ಸಿನ ಮೇಲೆ ಬೆರಳಿಡಿ. ಪರದೆ ಕಪ್ಪಾಗದಿದ್ದರೆ ಗೊತ್ತಾಯಿತಲ್ಲ, ಅಲ್ವಾ?

ಪುಸ್ತಕದ ಪುಟ, ಅಂಗಡಿ ಬಿಲ್ಲಿನ ಫೋಟೋ ತೆಗೆಯುವವರು ಗಮನಿಸಿ. ಸೆನ್ಸರ್ ದೊಡ್ಡದಾದಷ್ಟೂ ಫೋಕಸ್ ಸಿಗುವ ಆಳ ಕಡಿಮೆ. ಪುಟಕ್ಕೆ ತೀರಾ ಹತ್ತಿರ ಹೋದರೆ ಮಧ್ಯದ ಸಾಲು ಸ್ಪಷ್ಟ, ಮೂಲೆಯ ಸಾಲು ಮಸುಕು, ಇಲ್ಲವೇ ಹೇಳದೆ ಕೇಳದೆ ಅಲ್ಟ್ರಾವೈಡ್‌ಗೆ ಹಾರಿಬಿಡುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು 2ಎಕ್ಸ್‌ನಲ್ಲಿ ತೆಗೆಯಿರಿ, ಸರಿಹೋಗುತ್ತದೆ. ಸೆಲ್ಫಿ ಕ್ಯಾಮೆರಾ ಪರವಾಗಿಲ್ಲ.

ವಿಡಿಯೋಗೆ ಪೂರ್ತಿ ಅಂಕ ಕೊಡಬಹುದಿತ್ತು, ಬಿಸಿ ಒಂದು ಇಲ್ಲದಿದ್ದರೆ. 4ಕೆ, ಸೆಕೆಂಡಿಗೆ 60 ಫ್ರೇಮ್‌ನಲ್ಲಿ ನಡೆಯುತ್ತಾ ತೆಗೆದರೂ ಕುಲುಕಾಟ ಇಲ್ಲ, ಬಣ್ಣ ಫೋಟೋಗಿಂತ ಸಹಜ. ಬಿಸಿಲಲ್ಲಿ ಸ್ವಲ್ಪ ಹೊತ್ತು ಎಳೆದರೆ ಮಾತ್ರ ಪರದೆ ತಾನಾಗಿ ಮಂಕಾಗುತ್ತದೆ, ಏನು ತೆಗೆಯುತ್ತಿದ್ದೇವೆ ಅನ್ನುವುದೇ ಕಾಣುವುದಿಲ್ಲ. ಜಾಗವೂ ಬೇಕು, ನಿಮಿಷಕ್ಕೆ ಸುಮಾರು 400 ಎಂಬಿ ಲೆಕ್ಕ ಹಾಕಿಕೊಳ್ಳಿ.

ಲೆನ್ಸಿನ ಗಾಜು ಇಷ್ಟು ದಿನಕ್ಕೂ ಗೀರಿಲ್ಲದೆ ಇದೆ. ಅದರ ಮೇಲೆ ಬೆರಳಿನ ಜಿಡ್ಡು ಕೂತರೆ ರಾತ್ರಿ ದೀಪಗಳಿಂದ ಉದ್ದ ಗೆರೆ ಬರುತ್ತದೆ, ಒರೆಸಿಕೊಂಡೇ ತೆಗೆಯಿರಿ. ಬೈಕಿನ ಹ್ಯಾಂಡಲ್‌ಗೆ ಮಾತ್ರ ಈ ಫೋನ್ ಸಿಕ್ಕಿಸಬೇಡಿ. ದೊಡ್ಡ ಎಂಜಿನ್‌ನ ಬೈಕುಗಳ ಕಂಪನದಿಂದ ಸ್ಟೆಬಿಲೈಸೇಶನ್, ಆಟೋಫೋಕಸ್ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ, ಇಂಥ ಲೆನ್ಸ್ ಇರುವ ಯಾವ ಫೋನಿಗಾದರೂ ಆ ಭಯ ಇದ್ದೇ ಇದೆ. ಮ್ಯಾಪ್ ನೋಡಲು ಹಳೇ ಫೋನ್ ಇರುತ್ತದಲ್ಲ, ಅದನ್ನೇ ಸಿಕ್ಕಿಸಿ.