ಹುಳದ ಡಾಗ್ ಫುಡ್: ರಾಯಚೂರಿನ ಬೇಸಿಗೆ ದಾಟಿಸಿದ ಮೇಲೆ

ಹುಳದಿಂದ ಮಾಡಿದ ಈ ನಾಯಿ ಆಹಾರದಲ್ಲಿ ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ, ಚೀಲದ ಮೇಲೆ ಎಲ್ಲರೂ ಓದಿಯೇ ಇರುತ್ತೀರಿ. ಹೆಚ್ಚಿನವರು ಓದದ ಒಂದು ಪದ ಪದಾರ್ಥಗಳ ಪಟ್ಟಿಯ ತುದಿಯಲ್ಲಿ, ವಿಟಮಿನ್‌ಗಳ ಸಾಲು ಶುರುವಾಗುವ ಮುಂಚೆ ಇದೆ: ಮೀನೆಣ್ಣೆ. ನನ್ನ ತಕರಾರೆಲ್ಲ ಅದರ ಮೇಲೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳವನ್ನು ಒಣಗಿಸಿ, ಕೊಬ್ಬು ಹಿಂಡಿ, ಪುಡಿ ಮಾಡಿ, ಅಕ್ಕಿ-ಬಟಾಣಿ ಹಿಟ್ಟಿನ ಜೊತೆ ಒತ್ತಿ ತೆಗೆದ ಒಣ ಆಹಾರ ಇದು. ಹುಳ ಅಂದರೆ ನಾಯಿ ಮೂಸಿ ನೋಡಿ ಹೋಗಿಬಿಡುತ್ತದೆ ಅನ್ನುವ ಭಯ ಬೇಡ, ಮೂಗು ಮುರಿಯುವವರು ಮನೆ ಮಂದಿ ಮಾತ್ರ. ಹೇಲು ಗಟ್ಟಿ, ಪ್ರಮಾಣ ಕಡಿಮೆ, ನಾತವೂ ಕಡಿಮೆ. ಓಣಿಯಲ್ಲಿ ಕವರ್ ಹಿಡಿದು ಬಗ್ಗುವವರಿಗೆ ಇದು ಸಣ್ಣ ಸುಖವಲ್ಲ. ಕೋಳಿ ಒಗ್ಗದೆ ಕಿವಿ, ಪಾದ ಕೆರೆದುಕೊಳ್ಳುವ ನಾಯಿಗಳಿಗೆ ಹಿಂದೆ ತಿಂದಿರದ ಹೊಸ ಪ್ರೋಟೀನ್ ಆಗಿಯೂ ಕೆಲಸಕ್ಕೆ ಬರುತ್ತದೆ. ಆದರೆ ಎಂಟು ವಾರ ಬೇರೇನೂ ಬಾಯಿಗೆ ಹಾಕದೆ ಇದೊಂದನ್ನೇ ಕೊಟ್ಟರೆ ಮಾತ್ರ ಫಲ ತಿಳಿಯುತ್ತದೆ, ನಡುವೆ ಒಂದು ಬಿಸ್ಕತ್ತು ಬಿದ್ದರೂ ಲೆಕ್ಕ ಕೆಟ್ಟಿತು. ಹಳೆಯ ಆಹಾರದಿಂದ ಬದಲಾಯಿಸುವಾಗ ಎರಡೆರಡು ದಿನಕ್ಕೆ ಕಾಲು ಭಾಗದಂತೆ ಏರಿಸಿ, ಒಮ್ಮೆಲೇ ಸುರಿದರೆ ಭೇದಿ ಗ್ಯಾರಂಟಿ.

ಅಳತೆಯ ವಿಷಯ. 15 ಕಿಲೋ ತೂಕದ, ಸಂತಾನಹರಣ ಆಪರೇಷನ್ ಮಾಡಿಸಿದ ನಾಡ ನಾಯಿಗೆ ದಿನಕ್ಕೆ ಸುಮಾರು 850 ಕಿಲೋಕ್ಯಾಲರಿ ಸಾಕು. ಚೀಲದ ಮೇಲೆ ಕಿಲೋಗೆ 3,500 ಅಂತ ಇದ್ದರೆ ಅದು 240 ಗ್ರಾಂ ಚಿಲ್ಲರೆ. ಜೊತೆಗೆ ಕೊಡುವ ಪ್ಲಾಸ್ಟಿಕ್ ಕಪ್ಪನ್ನು ನಂಬಬೇಡಿ, ತುಂಬುವ ಕೈ ಬದಲಾದರೆ ತೂಕವೂ ಬದಲಾಗುತ್ತದೆ. ಒಂದು ಸ್ಟೀಲ್ ಲೋಟವನ್ನು ಅಡುಗೆಮನೆಯ ತಕ್ಕಡಿ ಮೇಲಿಟ್ಟು, 120 ಗ್ರಾಂ ಬಂದ ಕಡೆ ಒಳಮೈಗೆ ಮೊಳೆಯಿಂದ ಗೀರು ಹಾಕಿಕೊಂಡರೆ ಮುಗಿಯಿತು, ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು. ತಟ್ಟೆಗೆ ಸುರಿದು, ಕೈಗೆ ತಾಳುವಷ್ಟು ಬಿಸಿಯ ನೀರು ಎರಡು ಸೌಟು ಹಾಕಿ, ಮೇಲೊಂದು ತಾಟು ಮುಚ್ಚಿ ಐದು ನಿಮಿಷ ಬಿಡಿ. ತಾಟು ಎತ್ತಿದಾಗ ಹೊಸ ಚೀಲವಾದರೆ ಹುರಿದ ಶೇಂಗಾದಂಥ ಪರಿಮಳ ಏಳುತ್ತದೆ. ನಾಯಿ ಅಷ್ಟರಲ್ಲಿ ಕಾಲಿಗೆ ಸುತ್ತುತ್ತಿರುತ್ತದೆ, ಆದರೂ ಆ ಹಬೆಯನ್ನು ದಿನಾ ಮೂಸಿಯೇ ತಟ್ಟೆ ಇಡಿ. ಚೀಲ ಕೆಟ್ಟಿದ್ದು ಮೊದಲು ಗೊತ್ತಾಗುವುದು ಅಲ್ಲೇ.

ಮಾರ್ಚ್ ಕಳೆದು ಬಿಸಿಲು 40 ಡಿಗ್ರಿ ದಾಟಿದ ಮೇಲೆ ಆ ಹಬೆಯ ವಾಸನೆ ತಿರುಗುತ್ತದೆ. ಒಂದು ದಿನ ಹಳೇ ಪೇಂಟಿನ ಡಬ್ಬಿ ತೆರೆದ ಹಾಗೆ, ಅದರ ಬೆನ್ನಿಗೇ ಮೀನಿನ ನಾತ. ಎಣ್ಣೆ ಕಮಟಾಗಿದೆ ಎಂದರ್ಥ. ತಮಾಷೆಯೆಂದರೆ ಕೆಟ್ಟಿದ್ದು ಹುಳದ ಕೊಬ್ಬಲ್ಲ. ಹುಳದ ಕೊಬ್ಬಿನಲ್ಲಿ ಲಾರಿಕ್ ಆಮ್ಲ ಹೆಚ್ಚು, ತೆಂಗಿನೆಣ್ಣೆಯಲ್ಲಿ ಇರುವುದೂ ಅದೇ, ಅದು ಗಾಳಿ-ಶಾಖಕ್ಕೆ ಸುಲಭವಾಗಿ ಕೆಡುವುದಿಲ್ಲ. ಆದರೆ ಹುಳದಲ್ಲಿ ಉದ್ದ ಸರಪಳಿಯ ಒಮೆಗಾ-3 ಎಂಬ ಕೊಬ್ಬಿನಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಕೊರತೆ ತುಂಬಲು ಆಹಾರದ ಕಾಳು ಒತ್ತಿ ಒಣಗಿಸಿದ ಮೇಲೆ ಹೊರಮೈಗೆ ಮೀನೆಣ್ಣೆ ಸಿಂಪಡಿಸುತ್ತಾರೆ. ಗಾಳಿಗೆ ಅತಿ ಬೇಗ ಕೆಡುವ ಎಣ್ಣೆ ಹೀಗೆ ಗಾಳಿ ತಾಗುವ ಜಾಗದಲ್ಲೇ ಕೂರುತ್ತದೆ. ಶಾಖ 10 ಡಿಗ್ರಿ ಏರಿದರೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿ. 25 ಡಿಗ್ರಿಯ ಗೋದಾಮನ್ನು ಮನಸ್ಸಿನಲ್ಲಿಟ್ಟು ‘ತೆರೆದ ಮೇಲೆ ಆರು ವಾರ’ ಎಂದು ಅಚ್ಚು ಹಾಕಿದವರಿಗೆ ನಮ್ಮ ಮೇ ತಿಂಗಳ ಆರ್‌ಸಿಸಿ ಮನೆ ಗೊತ್ತಿಲ್ಲ. ಇಲ್ಲಿ ಮೂರು ವಾರ ಹಿಡಿದುಕೊಳ್ಳಿ.

ಸಾಬೂನಿನ ವಾಸನೆ ಬಂದರೆ ಕಥೆ ಬೇರೆ. ತೇವ ಒಳಗೆ ಹೋಗಿ ಲಾರಿಕ್ ಕೊಬ್ಬು ಒಡೆದಿದೆ ಅಂತ. ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆದು ಹಾಕುವವರ ಮನೆಯಲ್ಲಿ ಇದೇ ಆಗುವುದು, ತಣ್ಣಗಿನ ಕಾಳಿನ ಮೇಲೆ ಹೊರಗಿನ ಗಾಳಿಯ ತೇವ ಕೂರುತ್ತದೆ.

ಹಾಗಾಗಿ 10 ಕಿಲೋ ಚೀಲದ ಆಫರ್ ಕಡೆ ತಿರುಗಿ ನೋಡಬೇಡಿ. 3 ಕಿಲೋ ತಂದು, ವಾರಕ್ಕೊಂದರಂತೆ ಪೊಟ್ಟಣ ಕಟ್ಟಿ, ಗಾಳಿ ಒತ್ತಿ ತೆಗೆದು ಫ್ರೀಜರಿಗೆ ಹಾಕಿ. ಹೊರತೆಗೆದ ಪೊಟ್ಟಣ ಕೋಣೆಯ ಶಾಖಕ್ಕೆ ಬರುವ ತನಕ ಬಾಯಿ ಬಿಚ್ಚಬಾರದು. ಫ್ರೀಜರಿನಲ್ಲಿ ಜಾಗ ಇಲ್ಲದವರು ಕಂಪನಿ ಚೀಲದ ಸಮೇತ ಸ್ಟೀಲ್ ಡಬ್ಬಿಗಿಳಿಸಿ, ನಡುಮನೆಯ ನೆಲದ ಮೇಲಿಡಿ. ಅಟ್ಟ, ಫ್ರಿಜ್ಜಿನ ತಲೆ, ಗ್ಯಾಸಿನ ಪಕ್ಕ ಮೂರೂ ಬೇಡ. ಚೀಲದಿಂದ ಡಬ್ಬಿಗೆ ನೇರ ಸುರಿಯುತ್ತಾ ಹೋದರೆ ತಳದಲ್ಲಿ ಉಳಿದ ಹಳೇ ಎಣ್ಣೆಯ ಪುಡಿ ಹೊಸದನ್ನೂ ಕೆಡಿಸುತ್ತದೆ. ಎಕ್ಸ್‌ಪೈರಿ ಬಿಟ್ಟು ತಯಾರಾದ ತಾರೀಖು ನೋಡಿ, ನಾಲ್ಕು ತಿಂಗಳಿಗಿಂತ ಹಳೆಯದಾದರೆ ವಾಪಸ್ ಕೊಡಿ.

ಇದೆಲ್ಲ ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಪರಿಸರಕ್ಕೆ ಒಳ್ಳೆಯದು ಅಂತ ಮಾರುವ ಆಹಾರದಲ್ಲಿ ಮೂರನೇ ಒಂದು ಭಾಗ ಕಸಕ್ಕೆ ಹೋದರೆ ಒಳ್ಳೆಯದು ಎಲ್ಲಿ ಉಳಿಯಿತು? ಜಗತ್ತಿನ ಒಣ ಸಾಕುಪ್ರಾಣಿ ಆಹಾರದ ತಯಾರಿಯೊಂದರಿಂದಲೇ ಕೃಷಿಯ ಹಸಿರುಮನೆ ಅನಿಲದ ಶೇ 1.1ರಿಂದ 2.9ರಷ್ಟು ಹೊರಬರುತ್ತದೆ ಎಂದು ಎಡಿನ್‌ಬರೋ ವಿಶ್ವವಿದ್ಯಾಲಯದವರು 2020ರಲ್ಲಿ ಲೆಕ್ಕ ಹಾಕಿದ್ದರು. ಸಣ್ಣದಲ್ಲ. ಅದರಲ್ಲಿ ಮೀನೆಣ್ಣೆ ಬೇರೆ ಸೇರಿತು. ನಮ್ಮ ಕರಾವಳಿಯಲ್ಲೇ ಮನುಷ್ಯರು ತಿನ್ನಬಹುದಾದ ಬೂತಾಯಿ ಮೀನು ಎಣ್ಣೆ-ಹಿಟ್ಟಿನ ಕಾರ್ಖಾನೆಗಳಿಗೆ ಹೋಗುತ್ತದೆ. ಪಾಚಿಯಿಂದ ತೆಗೆದ ಎಣ್ಣೆಯಲ್ಲೂ ಡಿಎಚ್‌ಎ, ಅಂದರೆ ಮೀನೆಣ್ಣೆಯಲ್ಲಿರುವಂಥ ಒಮೆಗಾ-3, ಸಿಗುತ್ತದೆ, ತುಟ್ಟಿ ಅಷ್ಟೇ. ಕಿಲೋಗೆ 600 ರೂಪಾಯಿ ಮೇಲೆ ತೆಗೆದುಕೊಳ್ಳುವವರು ಅಷ್ಟು ಮಾಡಬಹುದಿತ್ತು.

ಹುಳ ಏನು ತಿಂದು ಬೆಳೆದಿದೆ ಅನ್ನುವುದು ಇನ್ನೊಂದು ಪ್ರಶ್ನೆ. ಚೀಲದ ಮೇಲೆ ‘ಸಾವಯವ ಉಪಉತ್ಪನ್ನ’ ಅಂತಷ್ಟೇ ಇದೆ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನ ತೌಡೂ ಉಪಉತ್ಪನ್ನವೇ, ಆದರೆ ಅದು ಕಸವಲ್ಲ: ಎಣ್ಣೆ ತೆಗೆಯುತ್ತಾರೆ, ಎಮ್ಮೆಗೆ ಹಾಕುತ್ತಾರೆ. ತೌಡು ತಿನ್ನಿಸಿ ಹುಳ ಬೆಳೆಸಿದರೆ ಎಮ್ಮೆಗೆ ಬೇರೆ ಮೇವು ಎಲ್ಲೋ ಬೆಳೆಯಬೇಕು. ಎಪಿಎಂಸಿಯಲ್ಲಿ ಕೊಳೆಯುವ ಟೊಮೆಟೊ, ಹೋಟೆಲಿನ ಎಂಜಲು ತಿನ್ನಿಸಿದರೆ ಲಾಭ ನಿಜ. ಯುರೋಪಿನಲ್ಲಿ ಹೋಟೆಲ್ ಎಂಜಲು, ಸಗಣಿ ತಿನ್ನಿಸಲು ಕಾನೂನು ಬಿಡುವುದಿಲ್ಲ, ಅಲ್ಲಿನ ಹುಳ ಹೆಚ್ಚಾಗಿ ಧಾನ್ಯದ ಉಳಿಕೆ ತಿಂದೇ ಬೆಳೆಯುವುದು. ಒಣಗಿಸುವ ಕರೆಂಟಿನ ಖರ್ಚು ಬೇರೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ನೋಡಿಕೊಂಡು ಬದುಕುವ ನಮಗೆ ಕರೆಂಟು ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

‘ಪ್ರಾಣಿಹಿಂಸೆ ಇಲ್ಲ’ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ‘ಕೋಳಿ ಇಲ್ಲ ರೀ, ಕುರಿ ಇಲ್ಲ ರೀ’ ಅನ್ನುವುದು ಖರೆ, ಆದರೆ ಇದು ಸಸ್ಯಾಹಾರವಲ್ಲ. ಬೆಳೆದ ಹುಳ 0.2 ಗ್ರಾಂ, ಒಣಗಿದರೆ ಅದರ ಮೂರನೇ ಒಂದು ಭಾಗ. ಒಂದು ಕಿಲೋ ಒಣ ಹುಳ ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜೀವ. ಅವುಗಳಿಗೆ ನೋವಾಗುತ್ತದೆಯೇ ಎಂಬುದು ವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬ್ರಿಟನ್ನಿನ 2022ರ ಕಾಯ್ದೆ ಏಡಿ, ಆಕ್ಟೋಪಸ್‌ಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಒಪ್ಪಿದೆ, ಕೀಟಗಳನ್ನು ಸೇರಿಸಿಲ್ಲ. ಅನುಮಾನ ಇರುವಾಗ ಕೊಲ್ಲುವ ವಿಧಾನವಾದರೂ ಮುಖ್ಯವಾಗುತ್ತದೆ: ಕುದಿನೀರಿಗೆ ಹಾಕಿದರೆ ಕ್ಷಣದಲ್ಲಿ ಮುಗಿಯುತ್ತದೆ, ಜೀವಂತ ಒಣಗಿಸಿದರೆ ಇಲ್ಲ. ಕಂಪನಿಗೆ ಮೇಲ್ ಹಾಕಿ ಕೇಳಿದರೆ ‘ಮಾನವೀಯ ವಿಧಾನ’ ಎಂಬ ಉತ್ತರ ಬರುತ್ತದೆ. ಅದು ಉತ್ತರವಲ್ಲ.

ಆರು ವಾರಕ್ಕೆ ಕೊಯ್ಯುವ, ಇಕ್ಕಟ್ಟಿನ ಶೆಡ್ಡಿನ ಬ್ರಾಯ್ಲರ್ ಕೋಳಿಯ ಎದೆಮಾಂಸವನ್ನೇ ಹಾಕಿದ ಆಹಾರಕ್ಕಿಂತ ಇದು ಮೇಲು ಅಂತಲೇ ನನ್ನ ಅಭಿಪ್ರಾಯ. ಆದರೆ ಅದೇ ಕೋಳಿಯ ಗಿಜರ್ಡ್, ಹಾರ್ಟ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಾಗ, ಅದಕ್ಕೆಂದೇ ಯಾರೂ ಕೋಳಿ ಸಾಕದಿರುವಾಗ, ಪೂರ್ತಿ ಹುಳವೇ ಬೇಕೆನ್ನುವುದಕ್ಕೆ ಅರ್ಥವಿಲ್ಲ. ಪೂರ್ತಿ ಇದನ್ನೇ ಹಾಕಿದರೆ ತಿಂಗಳಿಗೆ 4,400 ರೂಪಾಯಿ ಆಗುತ್ತದೆ, ಅದೂ ನನ್ನ ಜೇಬಿಗೆ ಒಗ್ಗದು. ಈಗ ನಡೆದಿರುವ ಪದ್ಧತಿ: ಬೆಳಿಗ್ಗೆ 120 ಗ್ರಾಂ ಹುಳದ ಕಾಳು. ರಾತ್ರಿ 60 ಗ್ರಾಂ ಅಕ್ಕಿ ನುಚ್ಚು ಮೆತ್ತಗೆ ಬೇಯಿಸಿ, 130 ಗ್ರಾಂ ಗಿಜರ್ಡ್-ಹಾರ್ಟ್, ಒಂದು ಹಿಡಿ ಕುಂಬಳ, ಒಂದು ಚಮಚ ಎಣ್ಣೆ, ಕಾಲು ಚಮಚ ಮೊಟ್ಟೆ ಚಿಪ್ಪಿನ ನುಣ್ಣನೆ ಪುಡಿ. ಚಿಪ್ಪು ಬಿಟ್ಟರೆ ಸುಣ್ಣದಂಶ ಸಾಲದು, ಮಾಂಸದಲ್ಲಿ ರಂಜಕವೇ ಜಾಸ್ತಿ. ಲಿವರ್ ವಾರಕ್ಕೆ ಎರಡು ಸಲ ಹೆಬ್ಬೆರಳಿನಷ್ಟು, ಹೆಚ್ಚಾದರೆ ವಿಟಮಿನ್ ಎ ಅತಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಎಲುಬು ಹತ್ತಿರ ಸುಳಿಯಬಾರದು. ಮನೆ ಅಡುಗೆಯಲ್ಲಿ ಸತು, ಅಯೋಡಿನ್, ವಿಟಮಿನ್ ಡಿ ಸಾಕಷ್ಟು ಇರುವುದಿಲ್ಲ, ಅದಕ್ಕೇ ಅರ್ಧಕ್ಕಿಂತ ಹೆಚ್ಚು ಇದರ ಮೇಲೆ ಬಿಡಬೇಡಿ. ಮರಿಗಳಿಗೆ ಈ ಅಳತೆ ಲಾಗೂ ಆಗುವುದಿಲ್ಲ.

ಅರ್ಧ ಊಟವಾಗಿ ಐದಕ್ಕೆ ಮೂರೂವರೆ ಕೊಡುತ್ತೇನೆ, ಪೂರ್ತಿ ಊಟವಾಗಿ ಎರಡು. ಖಾಲಿ ಚೀಲವನ್ನು ಗುಜರಿಯವನೂ ಮುಟ್ಟುವುದಿಲ್ಲ, ಪದರ ಪದರ ಪ್ಲಾಸ್ಟಿಕ್ಕು, ಒಂದು ಅರ್ಧ ಅಂಕ ಅದಕ್ಕೇ ಹೋಯಿತು. ಇದೇ ಕಂಪನಿಯ ಬೆಕ್ಕಿನ ಆಹಾರವೂ ಈಗ ಬಳ್ಳಾರಿ, ಕೊಪ್ಪಳದ ಅಂಗಡಿಗಳಲ್ಲಿದೆ. ಟಾರಿನ್ ಎಂಬ ಪೋಷಕಾಂಶ ಸೇರಿಸಿದೆ ಎಂದು ಪಟ್ಟಿಯಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ತರಬೇಡಿ, ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಕೊರತೆಯಾದರೆ ಕಣ್ಣು, ಹೃದಯ ಎರಡೂ ಹೋಗುತ್ತವೆ.