ಸ್ಯಾಂಪಲ್ ಓಡಿತು ಅಂತ ಶೀಟ್ ಕತ್ತರಿಸಬೇಡಿ: ಮೇವಿನ ಮೆಷಿನ್‌ನಲ್ಲಿ ನಾವು ಮಾಡಿದ ತಪ್ಪು

ಕೋಲಾರದ ಟಮಕ ಕಡೆ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು ಮಾಡಿಕೊಂಡಿದ್ದ ನಾವು ಎರಡು ವರ್ಷದ ಹಿಂದೆ ಮೇವು ಕತ್ತರಿಸುವ ಮೆಷಿನ್‌ಗೆ ಕೈ ಹಾಕಿದೆವು. ನಮ್ಮ ಹಳ್ಳಿಗಳಲ್ಲಿ ಹಾಲಿನ ದುಡ್ಡಲ್ಲೇ ನಡೆಯುವ ಮನೆ ಎಷ್ಟಿವೆ ಅಲ್ವಾ, ಆರ್ಡರ್‌ಗೆ ಬರ ಇರಲಿಲ್ಲ.

ಸ್ಯಾಂಪಲ್ ಮಾಡಿ ಒಂದು ಹೊರೆ ಜೋಳದ ಕಡ್ಡಿ ಹಾಕಿದೆವು. ಸಣ್ಣಗೆ, ಒಂದೇ ಸಮ ಕತ್ತರಿಸಿತು. ಎಲ್ಲರಿಗೂ ಖುಷಿ. ಮಾರನೇ ದಿನವೇ 17 ಮೆಷಿನ್‌ಗೆ ಕಬ್ಬಿಣದ ಶೀಟ್ ತಂದೆವು. ಡ್ರಾಯಿಂಗ್ ಮುಂದೆ ಹಾಕಿಕೊಂಡು ಒಂದು ಗಂಟೆಯೂ ಕೂರಲಿಲ್ಲ.

ಮೇವು ಹಾಕುವ ಟ್ರೇ ಮೊದಲು 900 ಮಿ.ಮೀ. ಉದ್ದ ಇತ್ತು. 8 ಅಡಿ ಶೀಟ್ ಅಂದರೆ 2440 ಮಿ.ಮೀ. ಅದರ ಉದ್ದಕ್ಕೆ 900ರದ್ದು ಎರಡೇ ಬರುತ್ತವೆ, 600 ಮಾಡಿದರೆ ನಾಲ್ಕು. ನಾನೇ 600 ಅಂತ ತಿದ್ದಿದೆ. ಸ್ಟಾರ್ಟರ್ ಬದಲು ಸಾದಾ ಆನ್-ಆಫ್ ಸ್ವಿಚ್ ಹಾಕಿದೆವು, ಅಲ್ಲೂ ಉಳಿತಾಯ. ಮೇವನ್ನು ಒಳಗೆ ಎಳೆಯುವ ರೋಲರ್ ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸುವ ಲಿವರ್, ಫ್ಲೈವೀಲ್ ಅಂದರೆ ದೊಡ್ಡ ಚಕ್ರದ ಪಕ್ಕಕ್ಕೆ ಹೋಯಿತು. ವೆಲ್ಡಿಂಗ್‌ಗೆ ಅದೇ ಸುಲಭ ಅಂತ.

ಮುಳಬಾಗಿಲು ಕಡೆಯ ಒಂದು ಹಳ್ಳಿ. ಸಂಜೆ ಹಾಲು ಕರೆಯುವ ಮುಂಚೆ ಅಕ್ಕ ಒಬ್ಬರು ಸೀಮೆಹುಲ್ಲು ಹಾಕುತ್ತಿದ್ದರು. ದಪ್ಪ ಕಡ್ಡಿ ರೋಲರ್‌ಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಲಿವರ್ ಹಿಡಿಯಬೇಕಂದರೆ ಮೆಷಿನ್ ಸುತ್ತಿ ಆ ಕಡೆ ಹೋಗಬೇಕು. ಹೇಗೂ ನಿಂತಿದೆಯಲ್ಲ ಅಂತ ಅವರು ಟ್ರೇ ಒಳಗೆ ಕೈ ಹಾಕಿ ಕಡ್ಡಿ ಎಳೆದರು. ಸ್ವಿಚ್ ಆನ್‌ನಲ್ಲೇ ಇತ್ತು. ಕರೆಂಟ್ ಬಂತು.

ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಇನ್ನೂ ಎಷ್ಟು ಮನೆಗೆ ಕೊಟ್ಟಿದ್ದೀಯಪ್ಪ?"

ಆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಕೂತು ಯೋಚಿಸಿದರೆ ಎಲ್ಲ ಗೊತ್ತಿದ್ದ ವಿಷಯವೇ. ಡಿಓಎಲ್ ಸ್ಟಾರ್ಟರ್, ಅಂದರೆ ಬಟನ್ ಒತ್ತಿ ಮೋಟಾರ್ ಶುರು ಮಾಡುವ ಡಬ್ಬಿ, ಅದರ ಒಳಗೆ ಕಾಯಿಲ್ ಇರುತ್ತದೆ. ಕರೆಂಟ್ ಹೋದ ಕೂಡಲೇ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತದೆ. ಕರೆಂಟ್ ವಾಪಸ್ ಬಂದರೂ ಯಾರಾದರೂ ಹಸಿರು ಬಟನ್ ಒತ್ತುವ ತನಕ ಮೋಟಾರ್ ತಿರುಗುವುದಿಲ್ಲ. ಬೋರ್‌ವೆಲ್ ಮೋಟಾರ್‌ಗೆ ಸ್ಟಾರ್ಟರ್ ಹಾಕಿಸುವ ನಾವು ಕೈ ಹೋಗುವ ಮೆಷಿನ್‌ಗೆ ಹಾಕಲಿಲ್ಲ. ಒಕ್ಕಣೆ ಮೆಷಿನ್‌ಗಳಲ್ಲಿ ಎಷ್ಟೋ ಜನರ ಕೈ ಹೋದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆಯೇ ಬಂತು. ಒಕ್ಕಣೆ ಮೆಷಿನ್‌ಗಳ ಟ್ರೇ ಕನಿಷ್ಠ 900 ಮಿ.ಮೀ. ಉದ್ದ ಇರಬೇಕು, ಅದರಲ್ಲಿ 450 ಮಿ.ಮೀ. ಉದ್ದ ಮೇಲ್ಭಾಗ ಮುಚ್ಚಿರಬೇಕು ಅಂತ ಐಎಸ್ 9020 ಅನ್ನುವ ಭಾರತೀಯ ಮಾನದಂಡ ಹೇಳುತ್ತದೆ. ಕೈ ತಿರುಗುವ ಭಾಗದ ತನಕ ಹೋಗಬಾರದು ಅಂತಲೇ ಆ ಅಳತೆ. ನಾನು ಅದನ್ನು ಶೀಟ್ ಲೆಕ್ಕದಲ್ಲಿ ಕತ್ತರಿಸಿಬಿಟ್ಟೆ.

ಶೆಡ್ ನಡೆಸುವವರೇ, ದಯವಿಟ್ಟು ಕೇಳಿ. ಡ್ರಾಯಿಂಗ್ ಇರುವಾಗಲೇ ಹೊರಗಿನವರೊಬ್ಬರನ್ನು ಕೂರಿಸಿಕೊಳ್ಳಿ. ಸಾಧ್ಯವಾದರೆ ದಿನಾ ಮೇವು ಹಾಕುವ ಹೆಂಗಸರನ್ನೇ ಕರೆಯಿರಿ. ಕಡ್ಡಿ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಅಂತ ಕೇಳಿ, ಅವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಸೆರಗು, ಬಳೆ, ಪಕ್ಕದಲ್ಲಿ ಆಡುವ ಮಗು, ಎಲ್ಲ ಲೆಕ್ಕಕ್ಕೆ ಬರಬೇಕು. ಬ್ಲೇಡಿನ ಬೋಲ್ಟ್ ತಲೆ ಮೇಲೆ 8.8 ಅಂತ ಇದೆಯಾ ನೋಡಿ, ಅದು ಗಟ್ಟಿ ಬೋಲ್ಟ್‌ನ ಗುರುತು, ಸಾದಾ ಬೋಲ್ಟ್ ಬೇಡ. ಸ್ಯಾಂಪಲ್ ಓಡುತ್ತಿರುವಾಗ ಒಮ್ಮೆ ಮೇನ್ ತೆಗೆದು ಮತ್ತೆ ಹಾಕಿ. ತಾನಾಗಿ ತಿರುಗಿದರೆ ಆ ಮೆಷಿನ್ ಶೆಡ್ ಬಿಟ್ಟು ಹೋಗಬಾರದು.

17ರಲ್ಲಿ 14 ಮೆಷಿನ್ ಹುಡುಕಿ ಸ್ಟಾರ್ಟರ್ ಹಾಕಿ, ಟ್ರೇ ಬದಲಾಯಿಸಿ, ಲಿವರ್ ಮೇವು ಹಾಕುವ ಕಡೆಗೆ ತಂದಿದ್ದೇವೆ. ಮೂರನ್ನು ಮಧ್ಯವರ್ತಿಯೊಬ್ಬರು ಮಾರಿದ್ದರು, ಇನ್ನೂ ಸಿಕ್ಕಿಲ್ಲ. ಹಸಿರು ಬಣ್ಣ, ಎರಡು ಅಡಿ ಟ್ರೇ, ಚಕ್ರದ ಪಕ್ಕ ಲಿವರ್, ಕಪ್ಪು ಸಾದಾ ಸ್ವಿಚ್. ಶ್ರೀನಿವಾಸಪುರ, ಚಿಂತಾಮಣಿ ಕಡೆ ಯಾರ ಮನೆಯಲ್ಲಾದರೂ ಇದ್ದರೆ ಇವತ್ತೇ ಪ್ಲಗ್ ಕಿತ್ತಿಡಿ, ಕೆಳಗೆ ಒಂದು ಮಾತು ಬರೆಯಿರಿ. ನಾವೇ ಬಂದು ಸರಿ ಮಾಡಿಕೊಡುತ್ತೇವೆ, ದುಡ್ಡು ಬೇಡ.