ಅಣು ತುರ್ತು ಪೆಟ್ಟಿಗೆ: ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

2025ರ ಮೇ 7ರಂದು ದೇಶದ ಹಲವು ಕಡೆ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದಾಗ ನಮ್ಮ ಮನೆಯ ಜಗಲಿಯಲ್ಲಿಯೂ ಎರಡು ದಿನ ಅದೇ ಮಾತಾಗಿತ್ತು. ಸೇನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದ ನಮ್ಮ ಭಾವನವರು, ಅಣುಬಾಂಬು ಬಿದ್ದ ಸುದ್ದಿ ಬಂದರೆ ಈ ಮನೆಯಲ್ಲಿ ಯಾವ ಕೋಣೆ ಸೇರಬೇಕು ಎಂದು ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. ಆ ವಾರವೇ ನಾನು ಆನ್‌ಲೈನ್‌ನಲ್ಲಿ, ನಾಲ್ಕು ಜನರಿಗೆ ಸಾಕು ಎಂದು ಹೇಳಲಾಗಿದ್ದ ತುರ್ತು ಪೆಟ್ಟಿಗೆಯೊಂದನ್ನು 6,400 ರೂಪಾಯಿ ಕೊಟ್ಟು ತರಿಸಿದೆ. ಕೈಯಿಂದ ತಿರುಗಿಸುವ ರೇಡಿಯೋ, ನಾಲ್ಕು ಬೆಳ್ಳಿ ಬಣ್ಣದ ಹೊದಿಕೆಗಳು, ಎನ್95 ಮಾಸ್ಕ್‌ಗಳು, ಬಿಳಿ ಮೇಲಂಗಿಗಳು, ಪ್ಲಾಸ್ಟಿಕ್ ಹಾಳೆ ಮತ್ತು ಅಂಟುಪಟ್ಟಿ, ನೀರು ಶುದ್ಧಗೊಳಿಸುವ ಮಾತ್ರೆ, ಪೊಟ್ಯಾಸಿಯಂ ಅಯೊಡೈಡ್ ಮಾತ್ರೆಗಳ ಪಟ್ಟಿ ಹಾಗೂ ಒಂದು ಕೈಪಿಡಿ ಅದರಲ್ಲಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೊಂದನ್ನೂ ಬಳಸಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೊಡ್ಡ ದೋಷವನ್ನೇ ಹೇಳುತ್ತೇನೆ. ಬೆಳ್ಳಿ ಹೊದಿಕೆಯ ಚೀಲದ ಮೇಲೆ ‘ವಿಕಿರಣದಿಂದ ರಕ್ಷಣೆ’ ಎಂದು ಅಚ್ಚಾಗಿದೆ. ಇದು ಸುಳ್ಳು, ಅದೂ ಜೀವಕ್ಕೆ ಅಪಾಯ ತರುವ ಸುಳ್ಳು. ಆ ಹೊದಿಕೆ ಮೈಯ ಶಾಖವನ್ನು ಉಳಿಸುತ್ತದೆಯೇ ಹೊರತು, ಅಣುಸ್ಫೋಟದಿಂದಲೂ ಅದರ ಧೂಳಿನಿಂದಲೂ ಹೊಮ್ಮಿ ಮೈಯೊಳಗೆ ತೂರುವ ಗಾಮಾ ಕಿರಣವನ್ನು ತಡೆಯಲಾರದು. ಗಾಮಾ ಕಿರಣವನ್ನು ತಗ್ಗಿಸುವುದು ತೂಕ ಮಾತ್ರ: ಸುಮಾರು 6 ಸೆಂಟಿಮೀಟರ್ ಕಾಂಕ್ರೀಟ್ ಅಥವಾ 9 ಸೆಂಟಿಮೀಟರ್ ಗಟ್ಟಿ ಮಣ್ಣು ಅದನ್ನು ಅರ್ಧಕ್ಕೆ ಇಳಿಸುತ್ತದೆ. ಆ ಲೆಕ್ಕದಲ್ಲಿ, ನಮ್ಮ ಹಳೆಯ ಮನೆಯ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಐದು ಬಾರಿ ಅರ್ಧ ಮಾಡಿ ಮೂವತ್ತೆರಡರಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬು ಸಿಡಿದ ಕೇಂದ್ರದಿಂದ ಸುಮಾರು 170 ಮೀಟರ್ ದೂರದ ಕಾಂಕ್ರೀಟ್ ಕಟ್ಟಡವೊಂದರಲ್ಲಿ, ಕಾಗದಪತ್ರ ತರಲೆಂದು ನೆಲಮಾಳಿಗೆಗೆ ಇಳಿದಿದ್ದ ನೊಮುರಾ ಎಯ್‌ಜೊ ಬದುಕುಳಿದು 1982ರವರೆಗೆ ಬಾಳಿದರು. ಅವರನ್ನು ಕಾಪಾಡಿದ್ದು ಕಾಂಕ್ರೀಟು ಮತ್ತು ನೆಲ.

ಕೈಪಿಡಿಯೂ ‘ನೆಲಮಾಳಿಗೆಗೆ ಹೋಗಿ’ ಎಂದೇ ಹೇಳುತ್ತದೆ. ಕೊಡಗಿನ ಎಷ್ಟು ಮನೆಗಳಲ್ಲಿ ನೆಲಮಾಳಿಗೆ ಇದೆ? ಇಲ್ಲಿ ಗುಡ್ಡವನ್ನು ಕಡಿದು ಮನೆ ಕಟ್ಟುವುದರಿಂದ ಹಿಂದಿನ ಕೋಣೆಯ ಬೆನ್ನಿಗೆ ಬರೆ, ಎಂದರೆ ಕಡಿದ ಗುಡ್ಡದ ನೆಟ್ಟನೆಯ ಮಣ್ಣಿನ ಅಂಚು, ಇರುತ್ತದೆ. ಒಂದು ಕಡೆಯಿಂದಲಾದರೂ ಇಡೀ ಗುಡ್ಡವೇ ಗುರಾಣಿಯಾಗುವ ಆ ಕೋಣೆಯೇ ವಿಕಿರಣದ ದೃಷ್ಟಿಯಿಂದ ಮನೆಯಲ್ಲಿ ಶ್ರೇಷ್ಠ. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಯಾರೂ ಜುಲೈ ತಿಂಗಳಿನಲ್ಲಿ ಎರಡು ದಿನ ಬರೆಯ ಪಕ್ಕ ಕುಳಿತಿರಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದ್ದರಿಂದ ಭಾವನವರೂ ನಾನೂ ಎರಡು ಕೋಣೆಗಳನ್ನು ಗೊತ್ತುಮಾಡಿದೆವು: ಬೇಸಿಗೆಗೆ ಹಿಂದಿನ ಕೋಣೆ, ಮಳೆಗಾಲಕ್ಕೆ ಮನೆಯ ನಡುವಿನ ಉಗ್ರಾಣ. ಹೆಂಚಿನ ಮಾಡು ಹೆಚ್ಚೇನೂ ತಡೆಯದು, ಸ್ಫೋಟದಿಂದ ಮೇಲೆದ್ದು ಗಾಳಿಯಲ್ಲಿ ಬಂದು ಬೀಳುವ ವಿಕಿರಣ ಸೂಸುವ ಧೂಳು ಅದರ ಮೇಲೆಯೇ ಕೂರುತ್ತದೆ. ಹಾಗಾಗಿ ಉಗ್ರಾಣದಲ್ಲಿ ಗಟ್ಟಿ ಮೇಜಿನ ಮೇಲೆ, ಅದು ತಾಳುವಷ್ಟು, ಮತ್ತು ಅದರ ಸುತ್ತ ಭತ್ತದ ಚೀಲಗಳನ್ನು ಒಟ್ಟುವುದೆಂದು ತೀರ್ಮಾನಿಸಿದೆವು. ಭತ್ತ ಮಣ್ಣಿನಷ್ಟು ಭಾರವಿಲ್ಲದಿದ್ದರೂ ದಪ್ಪವಾಗಿ ಒಟ್ಟಿದರೆ ಕೆಲಸಕ್ಕೆ ಬರುತ್ತದೆ. 6,400 ರೂಪಾಯಿಯ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ರೇಡಿಯೋವನ್ನು ಮನಸಾರೆ ಹೊಗಳುತ್ತೇನೆ. ಜುಲೈನಲ್ಲಿ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ, ಎರಡನೆಯ ದಿನ ಮೊಬೈಲ್ ಸಿಗ್ನಲ್ಲೂ ಹೋದಾಗ, ಎರಡು ನಿಮಿಷ ಹಿಡಿ ತಿರುಗಿಸಿದರೆ ಹತ್ತು ನಿಮಿಷ ಹಾಡುತ್ತಿತ್ತು. ಅಡುಗೆಮನೆಯಲ್ಲಿ ಬರೀ ಗೊರಗೊರ ಎನ್ನುತ್ತಿದ್ದುದನ್ನು ಅತ್ತೆಯವರು ಕಿಟಕಿಯ ದಂಡೆಯ ಮೇಲಿಟ್ಟು ಕಡ್ಡಿ ಎಳೆದಾಗ ಮಡಿಕೇರಿ ಆಕಾಶವಾಣಿಯ 103.1 ಸ್ಪಷ್ಟವಾಗಿ ಕೇಳಿತು. ಹೊರಗೆ ಬರುವುದು ಯಾವಾಗ, ಯಾವ ಕಡೆ ಹೋಗಬೇಕು ಎಂಬುದನ್ನು ಅಂಥ ಹೊತ್ತಿನಲ್ಲಿ ತಿಳಿಸಬಲ್ಲದ್ದು ಇದೊಂದೇ. ಹಿಡಿಯ ತಿರುಪು ಸಡಿಲ. ನಾನು ಒಮ್ಮೆ ಬಿಗಿಮಾಡಿಕೊಂಡೆ.

ಮೇಲಂಗಿಯನ್ನು ಪರೀಕ್ಷಿಸಲು ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು, ಮೇಲಂಗಿ ಧರಿಸಿ ನಿಂತ ನನ್ನ ಯಜಮಾನರ ಮೇಲೆ ಉದುರಿಸಿದೆ. ವಿಕಿರಣ ಧೂಳು ಬೂದಿಯಂತೆಯೇ ಬೀಳುತ್ತದೆ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬಿನ ಪರೀಕ್ಷೆ ನಡೆಸಿದಾಗ ದೂರದಲ್ಲಿದ್ದ ಜಪಾನಿನ ಮೀನುದೋಣಿಯ 23 ಮಂದಿಯ ಮೇಲೆ ಬಿದ್ದದ್ದು ಇಂಥದೇ ಬಿಳಿ ಬೂದಿ. ಅಂಗಿ ಕಳಚಿದಾಗ ಒಳಗಿನ ಬಟ್ಟೆ ಶುಭ್ರವಾಗಿತ್ತು, ಆದರೆ ತಲೆಗೆ ಮುಸುಕಿಲ್ಲದ ಕಾರಣ ಕೂದಲು, ಕಿವಿಯ ಹಿಂಭಾಗ, ಕುತ್ತಿಗೆಯ ಸುತ್ತ ಬೂದಿ ಕೂತಿತ್ತು. ನಿಜವಾಗಿ ಹೇಳಬೇಕೆಂದರೆ ಈ ಅಂಗಿ ಇಲ್ಲದಿದ್ದರೂ ನಡೆಯುತ್ತದೆ. ಹೊರಗಿನ ಬಟ್ಟೆಯನ್ನು ಕಳಚಿಹಾಕಿದರೇ ಮೈಮೇಲಿನ ಧೂಳಿನ ಬಹುಪಾಲು ಹೋಗುತ್ತದೆ. ಮಳೆಗಾಲದಲ್ಲಿ ತೋಟದಿಂದ ಬಂದವರು ಬಚ್ಚಲ ಬಾಗಿಲಲ್ಲೇ ಬೂಟು, ಬಟ್ಟೆ ತೆಗೆದು ಜಿಗಣೆ ನೋಡಿಕೊಳ್ಳುವ ರೂಢಿ ನಮಗೆ ಇದ್ದೇ ಇದೆ. ಆ ಬಟ್ಟೆಯನ್ನು ಚೀಲಕ್ಕೆ ತುಂಬಿ ಕಟ್ಟಿ ದೂರ ಇಟ್ಟು, ಸೋಪು ಹಚ್ಚಿ ಮೀಯಬೇಕು. ಕೂದಲಿಗೆ ಕಂಡೀಷನರ್ ಮಾತ್ರ ಹಚ್ಚಬಾರದು, ಧೂಳು ಅದಕ್ಕೆ ಅಂಟಿ ಉಳಿಯುತ್ತದೆ.

ಪೊಟ್ಯಾಸಿಯಂ ಅಯೊಡೈಡ್ ಮಾತ್ರೆಗಳ ವಿಷಯದಲ್ಲಿ ನನಗೆ ಸಿಟ್ಟಿದೆ. ಅವಧಿ ಮುಗಿಯಲು ಐದೇ ತಿಂಗಳಿತ್ತು, ಮಕ್ಕಳಿಗೆ ಎಷ್ಟು ಎಂದು ಎಲ್ಲಿಯೂ ಬರೆದಿರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ಆ ಕಡೆಯವರು, “ಮೇಡಂ, ಸುಮ್ಮನೆ ದಿನಾ ಒಂದು ತಗೊಳ್ಳಿ, ಒಳ್ಳೆಯದೇ” ಎಂದರು. ಈ ಮಾತ್ರೆ ವಿಕಿರಣಶೀಲ ಅಯೊಡಿನ್‌ನಿಂದ ಥೈರಾಯ್ಡ್ ಗ್ರಂಥಿಯೊಂದನ್ನೇ ಕಾಪಾಡುತ್ತದೆ, ಮೈಯ ಬೇರೆ ಯಾವ ಭಾಗವನ್ನೂ ಅಲ್ಲ. ವಯಸ್ಕರಿಗೆ 130 ಮಿಲಿಗ್ರಾಂ, ಮೂರು ವರ್ಷ ದಾಟಿದ ಮಕ್ಕಳಿಗೆ 65 ಎಂಬ ಪ್ರಮಾಣವಿದ್ದು, ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು. 1986ರ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ಅವಘಡದ ನಂತರ ಅಲ್ಲಿನ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದು ಮುಖ್ಯವಾಗಿ ಹಾಲಿನಿಂದ: ಹುಲ್ಲಿನ ಮೇಲೆ ಬಿದ್ದ ಅಯೊಡಿನ್ ಹಸುವಿನ ಹೊಟ್ಟೆ ಸೇರಿ ಹಾಲಿಗೆ ಇಳಿದಿತ್ತು. ಮನೆಯಲ್ಲಿ ಹಸು ಕಟ್ಟಿದವರು ಇದನ್ನು ಮಾತ್ರೆಗಿಂತ ಮೊದಲು ತಿಳಿದಿರಬೇಕು. ನೀರಿನ ಮಾತ್ರೆಯೂ ಅಷ್ಟೇ, ರೋಗಾಣುಗಳಿಗೆ ಸರಿ. ವಿಕಿರಣ ಧೂಳು ಬಿದ್ದ ನೀರು ಮಾತ್ರೆಯಿಂದಾಗಲಿ ಕುದಿಸುವುದರಿಂದಾಗಲಿ ಶುದ್ಧವಾಗದು. ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ನಾನು ತೆರೆದ ಬಾವಿಯ ಬಾಯಿಯ ಅಳತೆಗೆ ಕತ್ತರಿಸಿ ಇಟ್ಟಿದ್ದೇನೆ.

ಕೊಡಗಿನವರಿಗೆ ಸಮಯ ಸಿಗುವ ಸಾಧ್ಯತೆ ಇದೆ ಎಂಬುದನ್ನೂ ಕೈಪಿಡಿ ಹೇಳುವುದಿಲ್ಲ. ಮೈಸೂರು ಮಡಿಕೇರಿಯಿಂದ 120 ಕಿಲೋಮೀಟರ್, ಬೆಂಗಳೂರು ಇನ್ನೂ ದೂರ. ಅಲ್ಲಿನ ಸ್ಫೋಟದ ಅಲೆ ನಮ್ಮ ಕಿಟಕಿಗೆ ತಲುಪದು, ಗಾಳಿ ಈ ಕಡೆ ಬೀಸಿದರೆ ಧೂಳು ಕೆಲವು ಗಂಟೆಗಳ ನಂತರ ತಲುಪಬಹುದು. ಮಳೆಗಾಲದಲ್ಲಿ ಗಾಳಿ ಸಮುದ್ರದ ಕಡೆಯಿಂದ ಬರುತ್ತದಲ್ಲ ಎಂದು ಸಮಾಧಾನಪಡುವಂತಿಲ್ಲ. ಆ ತಿಂಗಳುಗಳಲ್ಲಿ ಬಹಳ ಎತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ, ಮಳೆಯೋ ಧೂಳನ್ನು ನೆಲಕ್ಕೆ ಇಳಿಸುತ್ತದೆ. ಸಿಕ್ಕ ಆ ಗಂಟೆಗಳಲ್ಲಿ ಬಾವಿ ಮುಚ್ಚಿ, ಹಸುಗಳನ್ನು ಕೊಟ್ಟಿಗೆಗೆ ಸೇರಿಸಿ, ಒಣ ಹುಲ್ಲು ಒಳಗಿಟ್ಟು, ನೀರು ತುಂಬಿಕೊಳ್ಳಬಹುದು. ಸ್ಫೋಟವಾಗಿ ಒಂದು ಗಂಟೆಯ ಹೊತ್ತಿಗೆ ಇದ್ದ ವಿಕಿರಣದ ತೀವ್ರತೆ ಏಳು ಗಂಟೆಗೆ ಹತ್ತರಲ್ಲೊಂದಕ್ಕೂ, ಎರಡು ದಿನಕ್ಕೆ ನೂರರಲ್ಲೊಂದಕ್ಕೂ ಇಳಿಯುತ್ತದೆ. ಮೊದಲ ಒಂದು ದಿನ ಯಾವ ಕಾರಣಕ್ಕೂ ಹೊರಗೆ ಕಾಲಿಡಬಾರದು ಎನ್ನುವುದು ಇದಕ್ಕಾಗಿಯೇ.

ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಆ ಎರಡೂ ರೇಡಿಯೋ ಮತ್ತು ಮಾಸ್ಕ್‌ಗಳಿಗೆ ಸಲ್ಲುತ್ತವೆ. ಕೊಳ್ಳಬೇಕೆನ್ನುವವರು ರೇಡಿಯೋ ಒಂದನ್ನು ಬಿಡಿಯಾಗಿ ಕೊಳ್ಳಿರಿ, ಉಳಿದ ಹಣಕ್ಕೆ ಮುಚ್ಚಳವಿರುವ ನೀರಿನ ಡ್ರಮ್ಮುಗಳನ್ನು ತನ್ನಿರಿ. ಹೊದಿಕೆಯ ಮೇಲಿನ ಆ ಸಾಲನ್ನು ತೆಗೆಯಬೇಕೆಂದು ಮಾರಿದವರಿಗೆ ಎರಡು ಬಾರಿ ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ, ಮೂರನೆಯದನ್ನೂ ಬರೆಯುತ್ತೇನೆ.